ತುರಿಕೆ ಮೈಗೆ, ದೂರು ಗೋಧಿಗೆ

ಚರ್ಮದ ಮೇಲೆ ಏನೇ ಎದ್ದರೂ ಊಟದ ತಟ್ಟೆಯ ಮೇಲೆ ಕಣ್ಣು ಹೋಗುತ್ತದೆ. ಈಗ ಆ ಕಣ್ಣು ಗೋಧಿಯ ಮೇಲೆ ನೆಟ್ಟಿದೆ. ಗ್ಲುಟೆನ್ ಯಾವಾಗ ತಪ್ಪಿತಸ್ಥ, ಯಾವಾಗ ನಿರಪರಾಧಿ?

ಮೈ ಮೇಲೆ ಗಂಧೆ ಎದ್ದಿತೆಂದರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಪ್ರಶ್ನೆ ‘ನಿನ್ನೆ ಏನು ತಿಂದೆ?’ ಎಂಬುದು. ಉತ್ತರ ಬರುವ ಮೊದಲೇ ಅಪರಾಧಿಗಳ ಪಟ್ಟಿ ಸಿದ್ಧವಿರುತ್ತದೆ. ಬದನೆಕಾಯಿ, ಒಣಮೀನು, ಸೀಗಡಿ, ಹಲಸಿನ ಹಣ್ಣು, ಕಡಲೆಕಾಯಿ. ‘ನಂಜಿನ ಪದಾರ್ಥ ಮುಟ್ಟಬೇಡ, ಒಂದು ವಾರ ಪಥ್ಯ ಮಾಡು’ ಎನ್ನುತ್ತಾರೆ ಹಿರಿಯರು. ಕರಾವಳಿ, ಮಲೆನಾಡಿನ ಕಡೆಯಾದರೆ ಪುನರ್ಪುಳಿ ಸಾರು ಕುಡಿಸುತ್ತಾರೆ. ಈ ಹಳೆಯ ಪಟ್ಟಿಗೆ ಈಚೆಗೆ ಹೊಸ ಹೆಸರೊಂದು ಸೇರಿಕೊಂಡಿದೆ: ಗ್ಲುಟೆನ್. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ‘ಗ್ಲುಟೆನ್ ಫ್ರೀ’ ಎಂದು ಬರೆದ ಬಿಸ್ಕತ್ತು, ಪಾಸ್ತಾ, ಹಿಟ್ಟಿನ ಪೊಟ್ಟಣಗಳು ಸಾಲಾಗಿ ಕೂತಿವೆ. ಮೊಣಕೈ ತುರಿಸುವವರು, ಮೊಡವೆ ಮಾಯದವರು, ಮಗುವಿನ ಇಸುಬಿನಿಂದ ರೋಸಿಹೋದವರು ಚಪಾತಿ ಬಿಟ್ಟು ನೋಡುತ್ತಿದ್ದಾರೆ.

ಅನುಮಾನ ಪಡುವುದರಲ್ಲಿ ತಪ್ಪೇನಿಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಈ ಪ್ರೋಟೀನು ಕೆಲವರ ಚರ್ಮವನ್ನು ನಿಜಕ್ಕೂ ಕೆಡಿಸುತ್ತದೆ. ಅದನ್ನು ಪತ್ತೆ ಹಚ್ಚುವ ಒಳ್ಳೆಯ ಪರೀಕ್ಷೆಗಳೂ ಇವೆ. ಎಡವಟ್ಟಾಗುವುದು ಕ್ರಮದಲ್ಲಿ. ಮೊದಲು ಗೋಧಿ ಬಿಟ್ಟು, ತಿಂಗಳುಗಳ ನಂತರ ವೈದ್ಯರ ಬಳಿ ಹೋದರೆ ಆ ಪರೀಕ್ಷೆಗಳೇ ಕೆಲಸಕ್ಕೆ ಬಾರದೆ ಹೋಗುತ್ತವೆ. ಅನುಮಾನ ಹುಟ್ಟುವುದು ಮನೆಯಲ್ಲಿ, ತೀರ್ಪು ಬರಬೇಕಾದದ್ದು ಪರೀಕ್ಷೆಯಿಂದ. ಗ್ಲುಟೆನ್ನಿನ ಚರಿತ್ರೆ ಕಲಿಸುವ ಪಾಠವೂ ಇದೇ.

ಹೇಗ್ ನಗರದ ಒಬ್ಬ ತಾಯಿ

ಆ ಚರಿತ್ರೆಯಲ್ಲಿ ಚರ್ಮದ ಗಂಧೆಗೆ ದೊಡ್ಡ ಪಾತ್ರವಿದೆ. 1936ರಲ್ಲಿ ನೆದರ್ಲೆಂಡಿನ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ವಿಲ್ಲೆಮ್ ಕಾರೆಲ್ ಡಿಕ್ಕೆ ಎಂಬ ತರುಣ ವೈದ್ಯರಿದ್ದರು. ಹೊಟ್ಟೆ ಉಬ್ಬಿ, ಕೈಕಾಲು ಸೊರಗಿ, ನಿಲ್ಲದ ಭೇದಿಯಿಂದ ಬೆಳವಣಿಗೆಯೇ ನಿಂತುಹೋದ ಮಕ್ಕಳು ಅವರ ಬಳಿ ಬರುತ್ತಿದ್ದರು. ಸೀಲಿಯಾಕ್ ಎಂದು ಕರೆಯುವ ಈ ಕಾಯಿಲೆಯನ್ನು ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲೇ ವಿವರಿಸಿ, ಗುಣವಾಗುವುದಿದ್ದರೆ ಅದು ಆಹಾರದಿಂದಲೇ ಎಂದಿದ್ದರು. ಯಾವ ಆಹಾರ ಎಂಬುದು ಮಾತ್ರ ಅವರಿಗೂ ತಿಳಿದಿರಲಿಲ್ಲ. ಅಮೆರಿಕದ ಸಿಡ್ನಿ ಹಾಸ್ 1924ರಿಂದ ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳುತ್ತಿದ್ದರು. ಬ್ರೆಡ್ ಕೊಡುವುದನ್ನು ನಿಲ್ಲಿಸಿದರೆ ಮಗುವಿನ ಮೈ ಮೇಲಿನ ಗಂಧೆ ಬೇಗ ಇಳಿಯುತ್ತದೆ ಎಂದು ಒಬ್ಬ ತಾಯಿ ಡಿಕ್ಕೆ ಅವರಿಗೆ ಹೇಳಿದಳು.

ಡಿಕ್ಕೆ ಆ ಮಾತನ್ನು ತಳ್ಳಿಹಾಕಲಿಲ್ಲ. ಹಾಗೆಂದು ಮರುದಿನವೇ ಸಾರಿಕೊಂಡೂ ಬರಲಿಲ್ಲ. ಮಕ್ಕಳಿಗೆ ಗೋಧಿ ನಿಲ್ಲಿಸಿ, ಮತ್ತೆ ಕೊಟ್ಟು, ಮತ್ತೆ ನಿಲ್ಲಿಸಿ ನೋಡುತ್ತ ಹೋದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. 1944-45ರ ಚಳಿಗಾಲದಲ್ಲಿ ಜರ್ಮನ್ ಹಿಡಿತದಲ್ಲಿದ್ದ ಪಶ್ಚಿಮ ನೆದರ್ಲೆಂಡಿಗೆ ಆಹಾರ ಸಾಗಣೆ ನಿಂತುಹೋಗಿ, ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿನ್ನುವ ಸ್ಥಿತಿಗೆ ಬಂದರು. ಊರೆಲ್ಲ ಹಸಿವಿನಿಂದ ಸೊರಗಿದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಸಿಗತೊಡಗಿದ ಮೇಲೆ ಕಾಯಿಲೆಯೂ ಮರಳಿತು. ಯುದ್ಧದ ನಂತರ ಸಹೋದ್ಯೋಗಿಗಳೊಂದಿಗೆ ಮಕ್ಕಳ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆದು, ಗೋಧಿ ಕೊಟ್ಟಾಗ ಅದು ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿದರು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ತಾಯಿಯ ಮಾತಿಗೂ ಈ ಪ್ರಬಂಧಕ್ಕೂ ನಡುವೆ ಹದಿನಾಲ್ಕು ವರ್ಷ ಕಳೆದಿತ್ತು.

ಅಲ್ಲಿ ಬ್ರೆಡ್ ಇಲ್ಲ, ಇಲ್ಲಿ ಅಕ್ಕಿ ಇಲ್ಲ

ಅದೇ ಯುದ್ಧ ನಮ್ಮ ಕಡೆ ಬೇರೆಯದೇ ಆಟ ಆಡಿತು. ಬರ್ಮಾ ಜಪಾನಿನ ಪಾಲಾಗಿ ಅಲ್ಲಿಂದ ಬರುವ ಅಕ್ಕಿ ನಿಂತಿತು. ಅಕ್ಕಿಯ ಆ ಅಭಾವದಲ್ಲೇ ಬೆಂಗಳೂರಿನ ಎಂಟಿಆರ್ ಹೋಟೆಲಿನ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು ಎನ್ನುತ್ತಾರೆ. ಯುರೋಪಿನ ಒಂದು ಮೂಲೆಯಲ್ಲಿ ತಟ್ಟೆಯಿಂದ ಗೋಧಿ ಮಾಯವಾದ ಕಾಲದಲ್ಲೇ ಇಲ್ಲಿನ ಇಡ್ಲಿ ಪಾತ್ರೆಗೆ ಗೋಧಿ ಬಂತು.

ಉತ್ತರ ಕರ್ನಾಟಕಕ್ಕೆ ಗೋಧಿ ಹೊಸದೇನಲ್ಲ. ಅಲ್ಲಿ ಹಬ್ಬವೆಂದರೆ ಗೋಧಿ ಹುಗ್ಗಿ, ಹೋಳಿಗೆ. ಮುದ್ದೆ, ಅನ್ನ ಉಣ್ಣುವ ದಕ್ಷಿಣದಲ್ಲೂ ಅದು ಸದ್ದಿಲ್ಲದೆ ಜಾಗ ಹಿಡಿದಿದೆ. ಬೆಳಗಿನ ಉಪ್ಪಿಟ್ಟು, ಕೇಸರಿಬಾತು, ಶ್ಯಾವಿಗೆ, ರವೆ ದೋಸೆ, ಮದ್ದೂರು ವಡೆ, ಮೈದಾದ ಗೋಳಿಬಜೆ, ಸಂಜೆ ಚಹಾದೊಂದಿಗೆ ಬನ್ನು. ‘ನಾವು ಗೋಧಿ ತಿನ್ನುವುದೇ ಕಡಿಮೆ’ ಎನ್ನುವವರು ದಿನದ ತಿಂಡಿಗಳನ್ನು ಒಮ್ಮೆ ಎಣಿಸಿ ನೋಡಿದರೆ ಅಚ್ಚರಿಪಡಬಹುದು.

ಆದರೂ ಉತ್ತರ ಭಾರತಕ್ಕೂ ನಮಗೂ ಅಂತರ ದೊಡ್ಡದು. ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಸೀಲಿಯಾಕ್ ಕಾಯಿಲೆಯ ಪ್ರತಿಕಾಯ ಕಂಡವರ ಪ್ರಮಾಣ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಬರೀ ಶೇ 0.10. ಈ ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ತಟ್ಟೆ ಮಾತ್ರ ಬೇರೆಯಾಗಿತ್ತು. ದಿನಕ್ಕೆ ಸರಾಸರಿ ಗೋಧಿ ಸೇವನೆ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಇದರಿಂದ ಎರಡು ಮಾತು ಹೊರಡುತ್ತವೆ. ದಕ್ಷಿಣದವರಲ್ಲಿ ತುರಿಕೆಗೆ ಗ್ಲುಟೆನ್ ಕಾರಣವಾಗುವ ಸಂಭವ ಕಡಿಮೆ. ಆದರೆ ವಂಶವಾಹಿ ನಮ್ಮಲ್ಲೂ ಇದೆ, ತಟ್ಟೆ ಬದಲಾಗುತ್ತಿದೆ, ಉತ್ತರದಿಂದ ಬಂದು ಇಲ್ಲಿ ನೆಲೆಸಿದವರ ಸಂಖ್ಯೆಯೂ ದೊಡ್ಡದು. ಹಾಗಾಗಿ ‘ಈ ಕಾಯಿಲೆ ನಮ್ಮ ಕಡೆಯದಲ್ಲ’ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಗ್ಲುಟೆನ್ ನಿಜಕ್ಕೂ ತಪ್ಪು ಮಾಡಿದಾಗ

ಗ್ಲುಟೆನ್ನಿನಿಂದಲೇ ಬರುವ ಚರ್ಮರೋಗಕ್ಕೆ ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಎಂದು ಹೆಸರು. ಫಿಲಡೆಲ್ಫಿಯಾದ ಚರ್ಮವೈದ್ಯ ಲೂಯಿ ಡೂರಿಂಗ್ 1884ರಲ್ಲಿ ಇದನ್ನು ಗುರುತಿಸಿದರು. ಹರ್ಪಿಸ್ ಸೋಂಕಿಗೂ ಇದಕ್ಕೂ ಸಂಬಂಧವಿಲ್ಲ. ಗುಳ್ಳೆಗಳು ಗುಂಪುಗುಂಪಾಗಿ ಏಳುವುದರಿಂದ ಆ ಹೆಸರು ಬಂತು.

ಇದಕ್ಕೆ ತನ್ನದೇ ಜಾಗಗಳಿವೆ. ಮೊಣಕೈ, ಮೊಣಕಾಲು, ಪೃಷ್ಠ, ಬೆನ್ನು, ತಲೆಯ ಚರ್ಮ. ಎಡಗಡೆ ಎದ್ದರೆ ಬಲಗಡೆಯೂ ಏಳುತ್ತದೆ. ನವೆ ಎಷ್ಟೆಂದರೆ, ಉರಿಯೂ ಸೇರಿ ರಾತ್ರಿ ನಿದ್ದೆ ಹತ್ತುವುದಿಲ್ಲ. ಸಣ್ಣ ನೀರುಗುಳ್ಳೆಗಳನ್ನು ವೈದ್ಯರು ನೋಡುವ ಮೊದಲೇ ರೋಗಿ ಕೆರೆದು ಒಡೆದಿರುತ್ತಾನೆ; ಉಳಿಯುವುದು ಗಾಯ, ಕಲೆ. ಅದಕ್ಕೇ ಇದನ್ನು ಕಜ್ಜಿ ಎಂದೋ ಇಸುಬು ಎಂದೋ ತಿಳಿದು ಮುಲಾಮು ಹಚ್ಚುತ್ತ ವರ್ಷಗಳು ಕಳೆದುಹೋಗುವುದುಂಟು. ಇವರಲ್ಲಿ ಹೆಚ್ಚಿನವರಿಗೆ ಹೊಟ್ಟೆಯ ದೂರು ಇರುವುದಿಲ್ಲ, ಇದ್ದರೂ ಸಣ್ಣದು. ಕರುಳು ಮಾತ್ರ ಒಳಗೊಳಗೇ ಕೆಟ್ಟಿರುತ್ತದೆ. ಈ ರೋಗಿಗಳ ಸಣ್ಣಕರುಳಿನಲ್ಲಿ ಸೀಲಿಯಾಕ್‌ನಂಥದೇ ಹಾನಿ ಇದೆ ಎಂದು ಬ್ರಿಟನ್ನಿನ ಜಾನೆಟ್ ಮಾರ್ಕ್ಸ್ ಮತ್ತು ಸಂಗಡಿಗರು ತೋರಿಸಿದ್ದು 1966ರಲ್ಲಿ, ಡೂರಿಂಗ್ ವಿವರಿಸಿದ ಎಂಬತ್ತೆರಡು ವರ್ಷಗಳ ಮೇಲೆ.

ನಡೆಯುವುದು ಇಷ್ಟು. ಗ್ಲುಟೆನ್ನಿಗೆ ಕೆರಳಿದ ದೇಹ ತನ್ನದೇ ಕಿಣ್ವವೊಂದರ ವಿರುದ್ಧ ಐಜಿಎ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಆ ಪ್ರತಿಕಾಯ ಚರ್ಮದ ಮೇಲ್ಪದರದ ಅಡಿಯಲ್ಲಿ ಕಣಕಣವಾಗಿ ಶೇಖರವಾಗಿ ಅಲ್ಲಿ ಗುಳ್ಳೆ ಎಬ್ಬಿಸುತ್ತದೆ. ಪತ್ತೆಗೆ ವೈದ್ಯರು ಗುಳ್ಳೆಯನ್ನೇ ಕತ್ತರಿಸುವುದಿಲ್ಲ, ಅದರ ಪಕ್ಕದ, ನೋಡಲು ಚೆನ್ನಾಗಿಯೇ ಇರುವ ಚರ್ಮದ ಚೂರನ್ನು ತೆಗೆಯುತ್ತಾರೆ. ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಡಿ ಐಜಿಎ ಕಣಗಳು ಹೊಳೆದರೆ ರೋಗ ಖಚಿತ.

ಮದ್ದು ಭಾರತಕ್ಕೆ ಹಳೆಯ ಪರಿಚಯದ್ದು, ಡ್ಯಾಪ್ಸೋನ್. ಕುಷ್ಠರೋಗದ ಚಿಕಿತ್ಸೆಯಲ್ಲಿ ಬಳಸುವ ಮಾತ್ರೆ ಇದು ಎಂದು ತಿಳಿದು ಗಾಬರಿಯಾಗಬೇಕಿಲ್ಲ. ಕೆಲವೇ ದಿನಗಳಲ್ಲಿ ನವೆ ಇಳಿಯುತ್ತದೆ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಮೊದಲು ರಕ್ತಪರೀಕ್ಷೆ ಆಗಲೇಬೇಕು. ಡ್ಯಾಪ್ಸೋನ್ ಚರ್ಮವನ್ನಷ್ಟೇ ತಣಿಸುತ್ತದೆ, ಕರುಳನ್ನು ಸರಿಪಡಿಸುವುದು ಗ್ಲುಟೆನ್ ಇಲ್ಲದ ಊಟ ಮಾತ್ರ. ಬರೀ ಪಥ್ಯದಿಂದ ಚರ್ಮ ತಿಳಿಯಾಗಲು ತಿಂಗಳುಗಳು, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ಒಂದು ವಾರ ಚಪಾತಿ ಬಿಟ್ಟು ‘ತುರಿಕೆ ಹೋಯಿತು, ಹಾಗಾದರೆ ಗ್ಲುಟೆನ್ನೇ’ ಎನ್ನುವವರ ಲೆಕ್ಕ ಈ ರೋಗದ ನಡೆಗೆ ಹೊಂದುವುದಿಲ್ಲ.

ಹೊಟ್ಟೆಯ ಚರ್ಮದ ಮೇಲೊಂದು ಪ್ರಯೋಗ

ತಿಂದ ಸ್ವಲ್ಪ ಹೊತ್ತಿಗೇ ದಪ್ಪದಪ್ಪ ದದ್ದು ಎದ್ದು, ಕೆಲವು ಗಂಟೆಗಳಲ್ಲಿ ಗುರುತಿಲ್ಲದಂತೆ ಅಡಗುವ ಪಿತ್ತಗಂಧೆಯದು ಬೇರೆ ದಾರಿ. ಇದರ ಗುಟ್ಟು ಬಯಲಾದದ್ದು 1921ರಲ್ಲಿ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ನಗರದಲ್ಲಿ. ಹೈನ್ಸ್ ಕ್ಯೂಸ್ಟ್ನರ್ ಎಂಬ ವೈದ್ಯರಿಗೆ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ಸೀರಮನ್ನು ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್ ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ದದ್ದು ಎದ್ದಿತು. ಮೀನು ತಿಂದು ಏನೂ ಆಗದ ಮನುಷ್ಯನ ಚರ್ಮ ಇನ್ನೊಬ್ಬರ ಅಲರ್ಜಿಯನ್ನು ಎರವಲು ಪಡೆದಿತ್ತು. ಅಲರ್ಜಿಯನ್ನು ಹೊತ್ತೊಯ್ಯುವ ವಸ್ತು ರಕ್ತದಲ್ಲಿದೆ ಎಂದಾಯಿತು. ನಾಲ್ಕೂವರೆ ದಶಕಗಳ ಮೇಲೆ ಇಶಿಝಾಕಾ ದಂಪತಿ ಅದನ್ನು ಐಜಿಇ ಎಂದು ಗುರುತಿಸಿದರು.

ಇಂದು ಪ್ರಯೋಗಾಲಯಗಳು ಅಳೆಯುವುದು ಈ ಐಜಿಇಯನ್ನೇ. ಆದರೆ ರಕ್ತದಲ್ಲಿ ಅದು ಕಂಡ ಮಾತ್ರಕ್ಕೆ ಅಲರ್ಜಿ ಇದೆ ಎಂದಾಗದು. ಇದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಅಂತರರಾಷ್ಟ್ರೀಯ ಯೋಜನೆಯೊಂದರ ಅಂಗವಾಗಿ ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 26.5 ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಐಜಿಇ ಇತ್ತು. ಅದನ್ನು ತಿಂದಾಗ ತೊಂದರೆಯೂ ಆಗಿ, ಆಹಾರದ ಅಲರ್ಜಿ ಇರಬಹುದೆನ್ನಿಸಿದವರು ಶೇ 1.2 ಮಾತ್ರ. ವರದಿ ನೋಡಿ ಊಟ ಬಿಟ್ಟರೆ ನಾಲ್ವರಲ್ಲಿ ಒಬ್ಬರು ಸುಮ್ಮಸುಮ್ಮನೆ ಪಥ್ಯ ಹಿಡಿಯಬೇಕಾದೀತು.

ಉಳಿದ ಶಂಕಿತರು

ಹಾಗಾದರೆ ಊಟದ ನಂತರ ಮೈ ಕೆರೆಯುವುದಕ್ಕೆ ಕಾರಣವೇನು? ಅಲರ್ಜಿಯ ವೇಷದಲ್ಲಿ ಬರುವವು ಹಲವು. ಬಂಗುಡೆ, ಬೂತಾಯಿಯಂಥ ಮೀನು ಐಸು ಕಾಣದೆ ಬಿಸಿಲಿನಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ತಯಾರಿಸುತ್ತವೆ. ಪಿತ್ತಗಂಧೆಯಲ್ಲಿ ನಮ್ಮ ದೇಹವೇ ಸುರಿಸುವ ರಾಸಾಯನಿಕವೂ ಅದೇ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಉಂಡು ಗಂಟೆಯೊಳಗೆ ಮುಖ ಕೆಂಪೇರಿ ಮೈ ತುರಿಸುತ್ತದೆ. ಒಂದೇ ಸಾರು ಉಂಡ ಹಲವರಿಗೆ ಒಟ್ಟಿಗೇ ಹೀಗಾದರೆ ಅದು ಕೆಟ್ಟ ಮೀನಿನ ಕೆಲಸ. ಅವರು ಜೀವಮಾನವಿಡೀ ಮೀನು ಬಿಡಬೇಕಾಗಿಲ್ಲ.

ಕೆಸುವಿನ ತುರಿಕೆ ಎಲೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳದು. ಪತ್ರೊಡೆಗೆ ಹುಣಸೆಹುಳಿ ಬಿಡದೆ ಹಾಕುವ ಹೆಂಗಸರಿಗೆ ಅದರ ಅಂಕೆ ಗೊತ್ತಿದೆ. ಮಾವು, ಗೇರಿನ ಸೊನೆ ತಾಗಿ ಚರ್ಮ ಸುಡುವುದು ಇನ್ನೊಂದು ಬಗೆ. ರೈತರ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ದಪ್ಪಗಟ್ಟಿ ತುರಿಸುವ ಕಾಯಿಲೆಗೆ ಎಷ್ಟೋ ಸಲ ಪಾರ್ಥೇನಿಯಂ ಕಾರಣ, ಊಟವಲ್ಲ. ಆ ಕಳೆ ಅಮೆರಿಕದಿಂದ ಆಮದಾದ ಗೋಧಿಯ ಜೊತೆ ಬಂತೆಂಬ ಮಾತಿರುವುದರಿಂದ ಗೋಧಿಯ ಮೇಲೆ ಅಲ್ಲೂ ಒಂದು ದೂರು ಇದ್ದೇ ಇದೆ.

ಆರು ವಾರ ದಾಟಿಯೂ ದಿನಬಿಟ್ಟು ದಿನ ಏಳುವ ಪಿತ್ತಗಂಧೆಯಲ್ಲಂತೂ ಆಹಾರದ ಪಾತ್ರ ತೀರಾ ಅಪರೂಪ. ಅದು ಬಹುಪಾಲು ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಮೇಲೆ ತಿರುಗಿಬಿದ್ದ ಫಲ. ನೋವಿನ ಮಾತ್ರೆಗಳು ಅದನ್ನು ಕೆರಳಿಸಬಲ್ಲವು. ಮೊಸರು, ಬದನೆ, ಗೋಧಿ, ಬೇಳೆ ಎಂದು ಒಂದೊಂದಾಗಿ ಬಿಡುತ್ತ ಹೋದವರ ತಟ್ಟೆ ಬರಿದಾಗುತ್ತದೆಯೇ ಹೊರತು ದದ್ದು ನಿಲ್ಲುವುದಿಲ್ಲ.

ಸಾಬೂನು ತಂದ ಅಲರ್ಜಿ

ಗೋಧಿಯ ಮೇಲೇ ಐಜಿಇ ಅಲರ್ಜಿ ಇರುವವರೂ ಇದ್ದಾರೆ. ಅದರಲ್ಲೊಂದು ವಿಚಿತ್ರ ಬಗೆಯಿದೆ: ಗೋಧಿ ತಿಂದು ಸುಮ್ಮನೆ ಕೂತರೆ ಏನೂ ಆಗುವುದಿಲ್ಲ, ತಿಂದು ಒಂದೆರಡು ಗಂಟೆಯಲ್ಲಿ ಓಡಿದರೆ ಅಥವಾ ಬೆವರು ಸುರಿಸಿ ದುಡಿದರೆ ದದ್ದೆದ್ದು, ಉಸಿರು ಕಟ್ಟಿ, ಪ್ರಜ್ಞೆಯೂ ತಪ್ಪಬಹುದು. ಆಸ್ಪಿರಿನ್ ನುಂಗಿದ್ದರೆ ಅಪಾಯ ಇನ್ನೂ ಹೆಚ್ಚು.

ಜಪಾನಿನ ಕಥೆ ಇದಕ್ಕಿಂತ ವಿಚಿತ್ರ. ಅಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಸೇರಿಸಿದ ಮುಖದ ಸಾಬೂನೊಂದು ಮನೆಮಾತಾಗಿತ್ತು. ದಿನವೂ ಅದರಿಂದ ಮುಖ ತೊಳೆದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ, ಅವರಲ್ಲಿ ಬಹುಪಾಲು ಹೆಂಗಸರಿಗೆ, ಗೋಧಿ ತಿಂದರೆ ಕಣ್ಣುರೆಪ್ಪೆ ಊದಿಕೊಳ್ಳುವ ಅಲರ್ಜಿ ಬಂತು. ಅದಕ್ಕೆ ಮೊದಲು ಅವರೆಲ್ಲ ಬ್ರೆಡ್ಡು, ನೂಡಲ್ಸು ತಿಂದು ಜೀರ್ಣಿಸಿಕೊಂಡವರೇ. 2011ರಲ್ಲಿ ಸಾಬೂನನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಆಹಾರ ಚರ್ಮವನ್ನು ಕೆಡಿಸುವಂತೆ, ಚರ್ಮದ ಮೂಲಕ ಹೊಕ್ಕ ವಸ್ತು ಆಹಾರವನ್ನೂ ಶತ್ರುವಾಗಿಸಬಲ್ಲದು. ಬಿರುಕುಬಿಟ್ಟ ಇಸುಬಿನ ಚರ್ಮಕ್ಕೆ ಕಡಲೆಹಿಟ್ಟು, ಗೋಧಿಹಿಟ್ಟು, ಹಾಲಿನ ಕೆನೆ ಬಳಿಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಬಿಟ್ಟರೆ ಹಾಯೆನಿಸುವುದೇಕೆ?

ಸೀಲಿಯಾಕ್ ಇಲ್ಲ, ಅಲರ್ಜಿಯೂ ಇಲ್ಲ. ಆದರೂ ಗೋಧಿ ಬಿಟ್ಟರೆ ಮೈ ಹಗುರ ಎನ್ನುವವರು ಸುಳ್ಳು ಹೇಳುತ್ತಿಲ್ಲ. ನಾರ್ವೆಯ ಓಸ್ಲೋದಲ್ಲಿ ಇಂಥ 59 ಮಂದಿಗೆ ನೋಡಲು, ತಿನ್ನಲು ಒಂದೇ ಥರದ ತಿಂಡಿಯನ್ನು ಕೊಟ್ಟರು. ಒಂದು ವಾರ ಗ್ಲುಟೆನ್ ಇದ್ದದ್ದು, ಒಂದು ವಾರ ಫ್ರಕ್ಟಾನ್ ಎಂಬ ಸಕ್ಕರೆ ಸರಪಣಿ ಇದ್ದದ್ದು, ಒಂದು ವಾರ ಎರಡೂ ಇಲ್ಲದ್ದು. ಯಾವಾಗ ಯಾವುದು ಎಂದು ಅವರಿಗೆ ತಿಳಿಸಿರಲಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೊಟ್ಟೆಯ ತೊಂದರೆ ಹೆಚ್ಚಾದದ್ದು ಫ್ರಕ್ಟಾನ್ ತಿಂದ ವಾರ. ಗೋಧಿಯಲ್ಲಿ ಫ್ರಕ್ಟಾನ್ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಬೇಕಾದಷ್ಟಿದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದಂತೆ ಗ್ಲುಟೆನ್ನಿನ ಬಾಯಿಗೆ ಇಲ್ಲಿ ಯಾರೋ ಮೊಸರು ಮೆತ್ತಿದ್ದರು.

ಗೋಧಿ ಬಿಟ್ಟವರು ಅದರ ಜೊತೆಗೆ ಬೇಕರಿ ತಿನಿಸನ್ನೂ ಸಕ್ಕರೆಯನ್ನೂ ಬಿಟ್ಟಿರುತ್ತಾರೆ ಎಂಬುದು ಇನ್ನೊಂದು ಸಂಗತಿ. ಮೊಡವೆ ಇಳಿದದ್ದಕ್ಕೆ ಕೀರ್ತಿ ಯಾರಿಗೆ ಸಲ್ಲಬೇಕೆಂದು ಹಾಗೆ ಬಿಟ್ಟುನೋಡಿ ಹೇಳಲಾಗದು.

ಪರೀಕ್ಷೆ ಮೊದಲು, ಪಥ್ಯ ಆಮೇಲೆ

ಗ್ಲುಟೆನ್ ಅನುಮಾನವಿದ್ದರೆ ಮೊದಲ ಹೆಜ್ಜೆ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಅದರ ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಎಂಬ ಅಳತೆ. ಬೇಕೆನಿಸಿದರೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಚೂರು, ಗುಳ್ಳೆಗಳಿದ್ದರೆ ಚರ್ಮದ ಚೂರು. ಇವೆಲ್ಲ ಗೋಧಿ ತಿನ್ನುತ್ತಿರುವಾಗಲೇ ನಡೆಯಬೇಕು. ಬಿಟ್ಟು ತಿಂಗಳುಗಳಾಗಿದ್ದರೆ ಪ್ರತಿಕಾಯ ಇಳಿದು, ಕರುಳು ಮಾಗಿ, ರೋಗವಿದ್ದೂ ವರದಿ ‘ಇಲ್ಲ’ ಎನ್ನಬಹುದು. ಆಗ ಮತ್ತೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗೋಧಿ ಸೇರಿಸಿ, ಕನಿಷ್ಠ ಆರು ವಾರ ತಿಂದು ಪರೀಕ್ಷೆಗೆ ಹೋಗಬೇಕಾಗುತ್ತದೆ. ನಿಜವಾದ ರೋಗಿಗೆ ಅದು ನರಕ. ಅಂಥವರಿಗೆ ವಂಶವಾಹಿ ಪರೀಕ್ಷೆ ಒಂದಿಷ್ಟು ನೆರವಾಗುತ್ತದೆ. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬಹುತೇಕ ಇಲ್ಲವೆಂದೇ ಅರ್ಥ. ಇದ್ದರೆ ರೋಗವಿದೆ ಎಂದಲ್ಲ, ಸುಮಾರು ಮೂವರಲ್ಲಿ ಒಬ್ಬರಿಗೆ ಅವು ಇರುತ್ತವೆ.

ನೂರಾರು ಆಹಾರಗಳ ಹೆಸರು ಬರೆದು ಕೆಂಪು, ಹಳದಿ ಗುರುತು ಹಾಕಿಕೊಡುವ ಐಜಿಜಿ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಡಿ. ಐಜಿಜಿ ಹೇಳುವುದು ನೀವು ಏನು ತಿಂದಿದ್ದೀರಿ ಎಂಬುದನ್ನು. ಅಲರ್ಜಿ ತಜ್ಞರ ಸಂಘಟನೆಗಳು ಅದನ್ನು ಬಳಸಬಾರದೆಂದೇ ಹೇಳಿವೆ. ವೈದ್ಯರಿಗೆ ಇದಕ್ಕಿಂತ ಉಪಯೋಗವಾಗುವುದು ಏನು ತಿಂದಿರಿ, ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ನುಂಗಿದ್ದಿರಿ ಎಂದು ಬರೆದಿಟ್ಟ ಚೀಟಿ, ಗಂಧೆ ಎದ್ದಾಗಲೇ ಮೊಬೈಲಿನಲ್ಲಿ ತೆಗೆದ ಫೋಟೊ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಸುಬಿಗೆಂದು ಹಾಲು, ಮೊಟ್ಟೆ, ಗೋಧಿಯನ್ನು ತಾವಾಗಿಯೇ ನಿಲ್ಲಿಸಿದರೆ ಮಗುವಿನ ಬೆಳವಣಿಗೆ ಹಿಂದೆಬೀಳುತ್ತದೆ. ಅಲ್ಲದೆ, ದಿನವೂ ತಿನ್ನುತ್ತ ಒಗ್ಗಿದ್ದ ಆಹಾರವನ್ನು ಬಹುಕಾಲ ಬಿಟ್ಟು ಮತ್ತೆ ಕೊಟ್ಟಾಗ ತೀವ್ರ ಅಲರ್ಜಿ ಕಾಣಿಸಿಕೊಂಡದ್ದೂ ಇದೆ. ದದ್ದಿನ ಜೊತೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.

ರಾಗಿ ಇದೆ, ಗಿರಣಿಯದೇ ಚಿಂತೆ

ಪರೀಕ್ಷೆಯಲ್ಲಿ ಗ್ಲುಟೆನ್ ಕಾರಣವೆಂದು ಖಚಿತವಾದರೆ ಪಥ್ಯ ಜೀವನಪೂರ್ತಿ. ಕನ್ನಡ ನಾಡಿನಲ್ಲಿ ಅದು ಯುರೋಪಿನಷ್ಟು ಕಷ್ಟವಲ್ಲ. ರಾಗಿ, ಜೋಳ, ಅಕ್ಕಿ, ಸಜ್ಜೆ, ನವಣೆ, ಸಾಮೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆಗೆ ದುಬಾರಿ ಪೊಟ್ಟಣ ಬೇಕಾಗಿಲ್ಲ. ಖಪ್ಲಿ ಗೋಧಿ ಹಳೆಯ ತಳಿ, ಹಾಗಾಗಿ ತಿನ್ನಬಹುದು ಎಂಬ ಮಾತನ್ನು ಮಾತ್ರ ನಂಬಬಾರದು. ಅದರಲ್ಲೂ ಗ್ಲುಟೆನ್ ಇದೆ.

ಕಷ್ಟ ಬರುವುದು ಕಣ್ಣಿಗೆ ಕಾಣದ ಕಡೆ. ಬೀದಿ ಕೊನೆಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿಯುತ್ತಾರೆ. ‘ಸಿರಿಧಾನ್ಯ’ ಎಂದು ಬರೆದ ಪೊಟ್ಟಣದ ಹಿಂಬದಿಯಲ್ಲಿ ಗೋಧಿಯ ಹೆಸರಿರಬಹುದು. ಸಾರಿಗೆ ಹಾಕುವ ಪುಡಿ ಇಂಗು, ಗಟ್ಟಿ ಇಂಗುಗಳಲ್ಲಿ ಎಷ್ಟೋ ಸಲ ಮೈದಾ ಬೆರೆತಿರುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟೆನ್ ಫ್ರೀ ಎನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಸೀಲಿಯಾಕ್ ಇರುವವರಿಗೆ ಬೇಕಾದದ್ದು ಅಷ್ಟು ಬಿಗಿ.

ಪರೀಕ್ಷೆ ಇಲ್ಲದ ಪಥ್ಯದ ಬೆಲೆ ತೆರುವವರು ಇವರೇ. ವಾರದ ದಿನ ಗ್ಲುಟೆನ್ ಬಿಟ್ಟು, ಭಾನುವಾರ ಕೇಕು ತಿನ್ನುವ ಗಿರಾಕಿಗಳನ್ನು ದಿನವೂ ಕಾಣುವ ಹೋಟೆಲಿನವನು, ‘ಈ ಸಾರಿನ ಇಂಗಿನಲ್ಲಿ ಮೈದಾ ಇದೆಯಾ?’ ಎಂದು ಕೇಳಿದವರನ್ನೂ ಅದೇ ಸಾಲಿಗೆ ಸೇರಿಸುತ್ತಾನೆ. ‘ಒಂಚೂರು ತಿಂದರೆ ಏನಾಗಲ್ಲ ಬಿಡಿ ಸಾರ್’ ಎಂದು ಬಡಿಸುತ್ತಾನೆ. ಅನುಮಾನಪಟ್ಟ ಪ್ರತಿಯೊಬ್ಬರೂ ಗೋಧಿ ಬಿಡುವ ಮೊದಲು ಒಮ್ಮೆ ರಕ್ತ ಕೊಟ್ಟು ಬಂದರೆ ಹೆಚ್ಚಿನವರಿಗೆ ಚಪಾತಿ ವಾಪಸು ಸಿಗುತ್ತದೆ. ಉಳಿದ ಕೆಲವರ ಮಾತಿಗೆ ಹೋಟೆಲಿನಲ್ಲೂ ಗಿರಣಿಯಲ್ಲೂ ತೂಕ ಬರುತ್ತದೆ.